ಜಿಪ್ಸಿಯೋ, ಸ್ಪಂಜೋ? ಒಂದು ಪತಂಗಕ್ಕೆ ಹೆಸರು ಆರಿಸಿಕೊಳ್ಳುವ ಬಗೆ

2021ರ ಜೂನ್ ತಿಂಗಳು. ಕೆನಡಾದ ಒಂಟಾರಿಯೋದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ದೊಡ್ಡ ಓಕ್ ಮರ ಇದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಎಲೆಗಳ ಮೇಲೆ ಸಣ್ಣಗೆ ಮಳೆ ಹನಿಯುವ ಸದ್ದು. ತಲೆಯೆತ್ತಿ ನೋಡಿದೆ, ಮೋಡದ ಚೂರೂ ಇಲ್ಲ. ಮೇಜಿನ ಮೇಲೆ ಕೈಯಾಡಿಸಿದರೆ ಕಾಳುಮೆಣಸಿನ ತರಿಯ ಹಾಗೆ ಕಪ್ಪು ಪುಡಿ ಅಂಟಿತು. ಅದು ಹುಳುಗಳ ಹಿಕ್ಕೆ. ಸಾವಿರಾರು ಹುಳು ಮರದ ತುಂಬ ಕೂತು ಎಲೆ ಮೇಯುತ್ತಿದ್ದವು. ತಿಂಗಳು ಮುಗಿಯುವಷ್ಟರಲ್ಲಿ ಮರ ಪೂರ್ತಿ ಬೋಳು. ಆ ವರ್ಷ ಒಂಟಾರಿಯೋ ಒಂದರಲ್ಲೇ 17 ಲಕ್ಷ ಹೆಕ್ಟೇರಿಗೂ ಜಾಸ್ತಿ ಕಾಡಿಗೆ ಈ ಹುಳು ಬಾಯಿ ಹಾಕಿತ್ತು.

ಅರಸೀಕೆರೆಯಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಅಯ್ಯೋ, ಕಂಬಳಿಹುಳು ಕಣೋ ಅದು. ಬರಿಗೈಯಲ್ಲಿ ಮುಟ್ಟಬೇಡ, ಮೈಯೆಲ್ಲಾ ತುರಿಕೆ ಬರುತ್ತೆ" ಅಂದಳು. ಜಾತಿ ಯಾವುದೋ ಅವಳಿಗೆ ಗೊತ್ತಿಲ್ಲ. ಆದರೂ ಹೇಳಿದ್ದು ನೂರಕ್ಕೆ ನೂರು ಸರಿ. ಈ ಹುಳುವಿನ ಕೂದಲು ತಾಗಿದರೆ ತುಂಬ ಜನಕ್ಕೆ ಚರ್ಮ ಕೆಂಪಾಗಿ ತುರಿಸುತ್ತದೆ.

ಇಲ್ಲಿ ಮಾತ್ರ ಹೆಸರಿನದೇ ಗೋಜಲು. ಪಕ್ಕದ ಮನೆಯ ಅಜ್ಜ 'ಜಿಪ್ಸಿ ಮಾತ್' ಅಂದರು ('ಮಾತ್' ಅಂದರೆ ಪತಂಗ, ಈ ಹುಳು ಬೆಳೆದು ಆಗುವುದು ಅದೇ). ನಗರಸಭೆಯವರು ಬಾಗಿಲಿಗೆ ಸಿಕ್ಕಿಸಿ ಹೋದ ಕರಪತ್ರದಲ್ಲಿ 'ಎಲ್‌ಡಿಡಿ ಮಾತ್' ಅಂತಿತ್ತು. ಕ್ವಿಬೆಕ್‌ನ ಸಹೋದ್ಯೋಗಿ ಫ್ರೆಂಚಿನಲ್ಲಿ 'ಸ್ಪಾಂಜಿಯೂಸ್' ಅಂದಳು. ಪುಸ್ತಕ ತೆರೆದರೆ 'ಲೈಮ್ಯಾಂಟ್ರಿಯಾ ಡಿಸ್ಪಾರ್'. ಮರುವರ್ಷ ಎಲ್ಲ ಕಡೆ 'ಸ್ಪಂಜಿ ಮಾತ್' ಬಂತು. ನಮ್ಮ ಕನ್ನಡ ಬಳಗದಲ್ಲಿ ತೋಟ ಮಾಡುವವರು ಈಗಲೂ ಕೇಳುತ್ತಾರೆ: ಯಾವ ಹೆಸರು ಹೇಳಬೇಕು? ಬದಲಾಯಿಸಿದ್ದು ನಿಜವಾಗಲೂ ಬೇಕಿತ್ತಾ? ಕನ್ನಡದಲ್ಲಿ ಬರೆಯುವಾಗ ಏನು ಮಾಡೋದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬದಲಾವಣೆ ಬೇಕಿತ್ತು, ಹೊಸ ಹೆಸರು ಹಳೆಯದಕ್ಕಿಂತ ಚೆನ್ನಾಗಿದೆ. ಕಾರಣ ಎರಡು. ಹಳೆಯ ಹೆಸರು ಒಂದು ಜನಾಂಗವನ್ನು ನೋಯಿಸುತ್ತದೆ. ಜೊತೆಗೆ ಮರದ ಮುಂದೆ ನಿಂತವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹೆಸರು ತೂಗುವಾಗ ನಾನು ನೋಡುವುದು ಇಷ್ಟೇ: ಹೆಸರು ಕೇಳಿದವನು ಕೀಟವನ್ನು ಗುರುತಿಸುತ್ತಾನಾ, ಯಾರಿಗಾದರೂ ಚುಚ್ಚುತ್ತದಾ, ಹುಡುಕಿದರೆ ಮಾಹಿತಿ ಸಿಗುತ್ತದಾ, ನಾಲಿಗೆಗೆ ಸುಲಭವಾಗಿ ಬರುತ್ತದಾ.

ಹುಳು ಎಲ್ಲಿಂದ ಬಂತು

ಇದು ಯುರೋಪು ಮತ್ತು ಏಷ್ಯಾದ ಕೀಟ. ಅಮೆರಿಕಕ್ಕೆ ತಂದವನು ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೋ ಎಂಬ ಫ್ರೆಂಚ್ ಚಿತ್ರಕಾರ. ಬಾಸ್ಟನ್ ಹತ್ತಿರದ ಮೆಡ್‌ಫರ್ಡ್ ಊರಿನಲ್ಲಿ ಅವನ ಮನೆ. ರೇಷ್ಮೆ ನೂಲುವ ಹುಳುಗಳ ಹುಚ್ಚು ಇತ್ತು. 1860ರ ದಶಕದ ಕೊನೆಯಲ್ಲಿ ಯುರೋಪಿನಿಂದ ಈ ಪತಂಗದ ಮೊಟ್ಟೆ ತರಿಸಿ ಹಿತ್ತಿಲಲ್ಲಿ ಸಾಕಿದ. ಕೆಲವು ತಪ್ಪಿಸಿಕೊಂಡವು. ಆಮೇಲೆ ಅವನು ಕೀಟಗಳನ್ನು ಬಿಟ್ಟು ಆಕಾಶದ ಕಡೆ ತಿರುಗಿದ, ಗ್ರಹಗಳ ಅದ್ಭುತ ಚಿತ್ರಗಳನ್ನು ಬರೆದು ಹೆಸರು ಮಾಡಿದ, 1882ರಲ್ಲಿ ಫ್ರಾನ್ಸಿಗೆ ವಾಪಸ್ ಹೋದ. ಹುಳು ಇಲ್ಲೇ ಉಳಿಯಿತು. 1889ರ ಹೊತ್ತಿಗೆ ಮೆಡ್‌ಫರ್ಡ್‌ನ ಮರ, ಗೋಡೆ, ಕಾಲುದಾರಿ ಎಲ್ಲ ಹುಳುಮಯ. ಮ್ಯಾಸಚೂಸೆಟ್ಸ್ ರಾಜ್ಯ 1890ರಿಂದ ಹತ್ತು ವರ್ಷ ಒದ್ದಾಡಿ, 1900ರಲ್ಲಿ ಕೈಚೆಲ್ಲಿತು. ಸೀಸ ಮತ್ತು ಪಾಷಾಣ ಸೇರಿದ ಲೆಡ್ ಆರ್ಸೆನೇಟ್ ಎಂಬ ವಿಷ ಮೊದಲು ಕೀಟನಾಶಕವಾಗಿ ಬಂದದ್ದೂ ಈ ಹುಳುವಿನ ಮೇಲೆಯೇ.

ಮುನ್ನೂರಕ್ಕೂ ಜಾಸ್ತಿ ಜಾತಿಯ ಗಿಡಮರಗಳನ್ನು ಇದು ತಿನ್ನುತ್ತದೆ. ಓಕ್ ಅಂದರೆ ಪ್ರಾಣ.

ಹಳೆಯ ಹೆಸರು: ಜಿಪ್ಸಿ ಮಾತ್

ಇದರ ಪರವಾಗಿ ಹೇಳಬಹುದಾದ್ದು ಏನಂದರೆ, ಬಳಕೆ. ನೂರು ವರ್ಷಕ್ಕೂ ಜಾಸ್ತಿ ಕಾಲದ ಪುಸ್ತಕ, ಕಾನೂನು, ವರದಿ, ಪತ್ರಿಕೆ ಎಲ್ಲದರಲ್ಲೂ ಇದೇ ಹೆಸರಿದೆ. ವಯಸ್ಸಾದವರಿಗೆ ಬಾಯಿಗೆ ಬರುವುದೂ ಇದೇ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಯಾರನ್ನೂ ನೋಯಿಸುವ ಮನಸ್ಸಿರಲಿಲ್ಲ.

ಆದರೆ ಕೀಟಕ್ಕೆ ಈ ಹೆಸರು ಯಾಕೆ ಅಂಟಿತು ಅಂತ ಕೇಳಿ ನೋಡಿ. ಎರಡು ವಿವರಣೆ ಚಾಲ್ತಿಯಲ್ಲಿವೆ. ಗಂಡು ಪತಂಗದ ಬಣ್ಣ ಕಂದು, ಅದಕ್ಕೆ. ಇಲ್ಲವೇ ಹುಳುಗಳು ನೂಲಿಗೆ ಜೋತುಬಿದ್ದು ಗಾಳಿಯಲ್ಲಿ ಊರೂರು ಅಲೆಯುತ್ತವೆ, ಅದಕ್ಕೆ. ಯಾವುದನ್ನೇ ಒಪ್ಪಿದರೂ ಕಂದು ಮೈಯ, ನೆಲೆಯಿಲ್ಲದ ಜನ ಎಂಬ ಚಿತ್ರವನ್ನು ಹಿಡಿದು ಹುಳುವಿಗೆ ಹಚ್ಚಿದ ಹಾಗಾಯಿತು.

ನಮಗೆ ಕನ್ನಡಿಗರಿಗೆ ಈ ನೋವು ತಟ್ಟನೆ ಗೊತ್ತಾಗುವುದಿಲ್ಲ. 'ಜಿಪ್ಸಿ' ಅಂದರೆ ನಮ್ಮ ಕಣ್ಣಿಗೆ ಬರುವುದು ಮಾರುತಿ ಕಂಪನಿಯ ಜೀಪು. ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಅದರಲ್ಲಿ ಕೂತು ಆನೆ ನೋಡಿದ ನೆನಪು. ಯುರೋಪಿನ ರೋಮಾ ಜನರಿಗೆ ಈ ಪದದ ಅನುಭವವೇ ಬೇರೆ. ಈಜಿಪ್ಟಿನಿಂದ ಬಂದವರು ಅಂತ ಯಾರೋ ತಪ್ಪು ತಿಳಿದು, 'ಈಜಿಪ್ಷಿಯನ್' ಅನ್ನುವುದು ಸವೆದು 'ಜಿಪ್ಸಿ' ಆಯಿತು. ನಿಜಕ್ಕೂ ಅವರ ಹಿರಿಯರು ಸುಮಾರು ಸಾವಿರ ವರ್ಷದ ಹಿಂದೆ ಹೊರಟದ್ದು ನಮ್ಮ ದೇಶದ ವಾಯವ್ಯ ಭಾಗದಿಂದ. ಅವರ ಭಾಷೆಯಲ್ಲಿ ನೀರಿಗೆ 'ಪಾನಿ', ಮೂಗಿಗೆ 'ನಾಕ್', ಕಿವಿಗೆ 'ಕಾನ್'. ಎಣಿಸುವುದು ಯೇಕ್, ದುಯ್, ತ್ರಿನ್, ಶ್ತಾರ್, ಪಾಂಜ್. ಶಾಲೆಯಲ್ಲಿ ಒಂದೆರಡು ವರ್ಷ ಹಿಂದಿ ಕಲಿತವರಿಗೂ ಇದು ಅರ್ಥವಾಗುತ್ತದೆ, ಅಲ್ವಾ? ಹೀಗೆ ನೋಡಿದರೆ ಇದು ಯಾರದೋ ದೂರದ ಜಗಳ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡಿದ್ದು. ಕೀಡೆಯ ಹೆಸರಿನ ಜೊತೆ ಯಾವಾಗಲೂ ಬರುವ ಪದಗಳನ್ನು ಗಮನಿಸಿ: ಹಾವಳಿ, ಆಕ್ರಮಣ, ನಾಶ, ನಿರ್ಮೂಲನ. ಮಾತಿನ ಭರದಲ್ಲಿ 'ಮಾತ್' ಅನ್ನುವುದು ಬಿಟ್ಟುಹೋಗಿ "ಜಿಪ್ಸಿಗಳನ್ನು ಸಾಯಿಸಬೇಕು" ಅಂತಲೇ ಜನ ಹೇಳಿಬಿಡುತ್ತಾರೆ. ನಾಜಿಗಳು ರೋಮಾ ಜನರನ್ನು ನಿಜವಾಗಿಯೂ ಹಾಗೆ ನಿರ್ಮೂಲನ ಮಾಡಲು ಹೊರಟಿದ್ದರು. ಕಡಿಮೆ ಎಂದರೂ ಎರಡೂವರೆ ಲಕ್ಷ ಜನರನ್ನು ಕೊಂದರು. ಐದು ಲಕ್ಷ ಅನ್ನುವ ಅಂದಾಜೂ ಇದೆ. ಅಂಥ ಮನೆಯ ಮಗು ಶಾಲೆಯ ಪಾಠದಲ್ಲಿ "ಜಿಪ್ಸಿ ನಿರ್ಮೂಲನ ಹೇಗೆ" ಅಂತ ಓದಬೇಕಾ? ಸುಮ್ನೆ ಒಂದು ಪದ ಅಂತ ನಾವು ಹೇಳಬಹುದು. ಆ ಮಗು ಹೇಗೆ ಹೇಳುತ್ತದೆ?

ಎದುರು ವಾದವನ್ನೂ ಪ್ರಾಮಾಣಿಕವಾಗಿ ಇಡುತ್ತೇನೆ. ಬ್ರಿಟನ್ನಿನಲ್ಲಿ ಎಷ್ಟೋ ಕುಟುಂಬಗಳು ತಮ್ಮನ್ನು ತಾವೇ ಹೆಮ್ಮೆಯಿಂದ ಜಿಪ್ಸಿ ಅಂದುಕೊಳ್ಳುತ್ತವೆ. ಅಲ್ಲಿಯ 2011ರ ಜನಗಣತಿಯಲ್ಲಿ 'ಜಿಪ್ಸಿ ಅಥವಾ ಐರಿಷ್ ಟ್ರಾವೆಲರ್' ಅಂತ ಪ್ರತ್ಯೇಕ ಕಾಲಂ ಇತ್ತು. ಹಾಗಾದರೆ ಪದವೇ ಕೆಟ್ಟದ್ದು ಅನ್ನಲಾಗದು, ಸರಿ. ಆದರೆ ಒಬ್ಬರು ತಮ್ಮನ್ನು ತಾವು ಕರೆದುಕೊಳ್ಳುವುದು ಬೇರೆ, ಅದೇ ಹೆಸರನ್ನು ಬೇರೆಯವರು ಹುಳುವಿಗೆ ಇಡುವುದು ಬೇರೆ. ನನ್ನ ಮನೆತನದ ಹೆಸರು ನನಗೆ ಹೆಮ್ಮೆ. ಅದನ್ನು ಯಾರಾದರೂ ಮರ ತಿನ್ನುವ ಹುಳುವಿಗೆ ಇಟ್ಟು, ಪ್ರತಿ ಬೇಸಿಗೆ ಔಷಧಿ ಹೊಡೆಯಿರಿ ಅಂದರೆ ನಾನು ಒಪ್ಪುತ್ತೇನಾ?

ಬದಲಾದದ್ದು ಹೇಗೆ

ಉತ್ತರ ಅಮೆರಿಕದಲ್ಲಿ ಕೀಟಗಳ ಇಂಗ್ಲಿಷ್ ಬಳಕೆಯ ಹೆಸರುಗಳಿಗೆ ಎಲ್ಲರೂ ನೋಡುವ ಪಟ್ಟಿ ಎಂಟಮಾಲಜಿಕಲ್ ಸೊಸೈಟಿ ಆಫ್ ಅಮೆರಿಕಾದ್ದು. ಎರಡು ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. 2021ರಲ್ಲಿ ಈ ಸಂಘ ತನ್ನ ನಿಯಮ ತಿದ್ದಿತು. ಜನಾಂಗಗಳ ಹೆಸರು ಬೇಡ, ಭಯ ಹುಟ್ಟಿಸುವ ಹೆಸರು ಬೇಡ, ಹೊರಗಿನಿಂದ ಬಂದ ಪೀಡೆಗಳಿಗೆ ಊರು ದೇಶದ ಹೆಸರು ಆದಷ್ಟು ಬೇಡ. ಅದೇ ವರ್ಷ ಜುಲೈನಲ್ಲಿ ಈ ಪತಂಗದ ಹಳೆಯ ಹೆಸರನ್ನು ಪಟ್ಟಿಯಿಂದ ತೆಗೆದರು. ಅದೇ ಪದ ಇದ್ದ ಒಂದು ಇರುವೆಯ ಹೆಸರೂ ಹೋಯಿತು.

ಆಗ ಹೊಸ ಹೆಸರು ಸಿದ್ಧ ಇರಲಿಲ್ಲ. ಹಲವು ತಿಂಗಳು ಕೀಟಕ್ಕೆ ಹೆಸರೇ ಇಲ್ಲದ ಸ್ಥಿತಿ. ನನಗೆ ಒಪ್ಪಿಗೆಯಾಗದ ಒಂದೇ ಹೆಜ್ಜೆ ಇದು. ಹಳೆಯದನ್ನು ತೆಗೆಯುವ ದಿನವೇ ಹೊಸದನ್ನು ಕೈಗಿಟ್ಟಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಆದರೂ ತಡವಾದದ್ದಕ್ಕೆ ಕಾರಣವಿದೆ. ವಿಜ್ಞಾನಿಗಳು, ಕಾಡಿನ ಕೆಲಸದವರು ಸೇರಿ ಐವತ್ತಕ್ಕೂ ಜಾಸ್ತಿ ಜನರ ತಂಡ ಕೂತು ಇನ್ನೂರಕ್ಕೂ ಜಾಸ್ತಿ ಹೆಸರುಗಳನ್ನು ಜಾಲಾಡಿತು. ರೋಮಾ ವಿದ್ವಾಂಸರನ್ನೂ ಕೇಳಿದರು. 2022ರ ಮಾರ್ಚಿನಲ್ಲಿ 'ಸ್ಪಂಜಿ ಮಾತ್' ಗಟ್ಟಿಯಾಯಿತು.

ಹೊಸ ಹೆಸರು: ಸ್ಪಂಜಿ ಮಾತ್

ಮೊದಲ ಸಲ ಕೇಳಿದಾಗ ನನ್ನ ಮಗಳು ನಕ್ಕಳು. ಪತಂಗ ಎಲ್ಲಾದರೂ ಸ್ಪಂಜಿನ ಹಾಗೆ ಇರುತ್ತದಾ ಅಂದಳು. ಆ ಆಕ್ಷೇಪ ದೊಡ್ಡವರದೂ ಹೌದು. ಪತಂಗ ಸ್ಪಂಜಿನ ಹಾಗಿಲ್ಲ, ನಿಜ. ಸ್ಪಂಜಿನ ಹಾಗಿರುವುದು ಅದರ ಮೊಟ್ಟೆಗಂಟು.

ಅಕ್ಟೋಬರಿನಲ್ಲಿ ಅವಳನ್ನು ಮರದ ಹತ್ತಿರ ಕರೆದುಕೊಂಡು ಹೋದೆ. ಕಾಂಡದ ಮೇಲೆ, ನಮ್ಮ ಮೊಣಕಾಲಿನ ಎತ್ತರಕ್ಕೆ, ಒಣಗಿದ ಸ್ಪಂಜಿನ ಚೂರನ್ನು ಯಾರೋ ಅಂಟಿಸಿ ಹೋದ ಹಾಗೆ ಒಂದು ಮಚ್ಚೆ. ಹೆಬ್ಬೆರಳಿನಷ್ಟು ಅಗಲ, ಮಾಸಲು ಹಳದಿ. ಹೆಣ್ಣು ತನ್ನ ಮೈಯ ಕೂದಲನ್ನೇ ಉದುರಿಸಿ ಮೊಟ್ಟೆಗಳ ಮೇಲೆ ಹೊದಿಸಿರುತ್ತದೆ. ಬೆಣ್ಣೆ ಸವರುವ ಚಾಕುವಿನಿಂದ ಮೆಲ್ಲಗೆ ಕೆರೆದೆ. ಮೆತ್ತಗಿನ ಹೊದಿಕೆ ಬಿರಿದು ಒಳಗಿಂದ ರಾಗಿಯಂಥ ಕಾಳು ಪುಟಪುಟ ಉದುರಿದವು. ಒಂದು ಗಂಟಿನಲ್ಲಿ ಐನೂರು ಮೊಟ್ಟೆ ಇರಬಹುದು, ಸಾವಿರದವರೆಗೂ ಹೋಗುತ್ತದೆ. ಸೋಪಿನ ನೀರಿದ್ದ ಡಬ್ಬಕ್ಕೆ ಹಾಕಿದೆವು. ಆಮೇಲೆ ಅವಳೇ ಬೇಲಿಯ ಹಿಂದೆ, ಕುರ್ಚಿಯ ಅಡಿಗೆ, ಕಾರಿನ ಚಕ್ರದ ಸಂದಿಯಲ್ಲಿ ಹುಡುಕಿ ಹುಡುಕಿ ತೋರಿಸತೊಡಗಿದಳು. "ಇಲ್ಲೊಂದು ಸ್ಪಂಜು! ಇಲ್ಲೊಂದು!"

ನನ್ನ ಪ್ರಕಾರ ಈ ಹೆಸರಿನ ದೊಡ್ಡ ಗುಣವೇ ಇದು. ಈ ಕೀಟವನ್ನು ಸಾಮಾನ್ಯ ಜನ ಕೈಯಾರೆ ತಡೆಯಬಹುದಾದ ಹಂತ ಮೊಟ್ಟೆಯದು. ಜುಲೈ ಆಗಸ್ಟಿನಲ್ಲಿ ಇಟ್ಟ ಮೊಟ್ಟೆ ಏಪ್ರಿಲ್ ಕೊನೆ, ಮೇ ತಿಂಗಳವರೆಗೆ ಅಲ್ಲೇ ಇರುತ್ತದೆ. ಎಂಟೊಂಬತ್ತು ತಿಂಗಳು ಸಮಯ. ಇಲ್ಲಿಯ ಯುರೋಪಿನ ತಳಿಯ ಹೆಣ್ಣು ಪತಂಗಕ್ಕೆ ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ. ಹಾಗಿದ್ದರೂ ದೂರದೂರಿಗೆ ಹೇಗೆ ಹೋಗುತ್ತದೆ? ನಾವು ಸಾಗಿಸುವ ಸೌದೆ, ಕ್ಯಾಂಪಿಂಗ್ ಸಾಮಾನು, ಗಾಡಿಗಳಿಗೆ ಅಂಟಿದ ಇದೇ ಸ್ಪಂಜಿನ ಚೂರುಗಳ ಮೂಲಕ. ಹೆಸರೇ ಎಲ್ಲಿ ನೋಡಬೇಕು, ಏನು ಹುಡುಕಬೇಕು ಅಂತ ಹೇಳುತ್ತದೆ. ಹಳೆಯ ಹೆಸರಿಗೆ ಆ ಶಕ್ತಿ ಇರಲಿಲ್ಲ.

ಇದು ಹೊಸದಾಗಿ ಹುಟ್ಟಿಸಿದ ಕಲ್ಪನೆಯೂ ಅಲ್ಲ. ಫ್ರೆಂಚರ ಹೆಸರಿಗೆ ಸ್ಪಂಜಿನಂಥದ್ದು ಅಂತಲೇ ಅರ್ಥ. ಜರ್ಮನ್ನರು 'ಶ್ವಾಮ್‌ಶ್ಪಿನ್ನರ್' ಅನ್ನುತ್ತಾರೆ, ಅಲ್ಲೂ ಸ್ಪಂಜೇ. ತುರ್ಕಿಯವರದ್ದು ಸ್ಪಂಜು ಹೆಣೆಯುವವ ಎಂಬ ಹೆಸರು. ಈ ಕೀಟದ ಜೊತೆ ಶತಮಾನಗಟ್ಟಲೆ ಬಾಳಿದ ಊರಿನವರು ಮೊಟ್ಟೆಗಂಟನ್ನೇ ನೋಡಿ ಹೆಸರಿಟ್ಟಿದ್ದಾರೆ. ಜಪಾನಿನವರು ಮಾತ್ರ ಗಂಡಿನ ಸುತ್ತುಸುತ್ತು ಹಾರಾಟ ನೋಡಿ 'ಮೈಮೈಗಾ', ಅಂದರೆ ಕುಣಿಯುವ ಪತಂಗ ಅಂದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಅದು. ಈ ಹುಳುವನ್ನು ಕೊಲ್ಲುವ ಒಂದು ಬೂಸ್ಟಿಗೆ 'ಎಂಟಮೋಫೇಗಾ ಮೈಮೈಗಾ' ಅಂತ ಹೆಸರು ಬಂದದ್ದೂ ಅಲ್ಲಿಂದಲೇ.

ಹಳೆಯ ಸಾಹಿತ್ಯವೆಲ್ಲ ಕೈಬಿಟ್ಟು ಹೋಗುತ್ತದೆ ಎಂಬ ಭಯಕ್ಕೆ ಒಂದು ಉತ್ತರ ಇದೆ. ಇಪ್ಪತ್ತನೇ ಶತಮಾನದ ಬಹುಭಾಗ ಅಮೆರಿಕದ ವಿಜ್ಞಾನಿಗಳು ಇದನ್ನು 'ಪೋರ್ಥೆಟ್ರಿಯಾ ಡಿಸ್ಪಾರ್' ಅಂತ ಬರೆದರು. ಆಮೇಲೆ ಅದು 'ಲೈಮ್ಯಾಂಟ್ರಿಯಾ' ಆಯಿತು. ವೈಜ್ಞಾನಿಕ ಹೆಸರೇ ಬದಲಾದಾಗ ಯಾರೂ ದಾರಿ ತಪ್ಪಲಿಲ್ಲ. ಬಳಕೆಯ ಹೆಸರು ಬದಲಾದರೆ ತಪ್ಪುತ್ತಾರಾ? 2001ರಲ್ಲಿ ಯಹೂದಿಗಳ ಹೆಸರು ಸೇರಿದ್ದ ಒಂದು ದೊಡ್ಡ ಮೀನಿನ ಇಂಗ್ಲಿಷ್ ಹೆಸರನ್ನು 'ಗೋಲಿಯಾತ್ ಗ್ರೂಪರ್' ಅಂತ ಬದಲಿಸಿದರು. ಇವತ್ತು ಎಲ್ಲರೂ ಹಾಗೇ ಕರೆಯುತ್ತಾರೆ.

ಎಲ್‌ಡಿಡಿ

ಲೈಮ್ಯಾಂಟ್ರಿಯಾ ಡಿಸ್ಪಾರ್ ಡಿಸ್ಪಾರ್ ಎಂಬುದರ ಮೊದಲಕ್ಷರಗಳು. ಹೆಸರಿಲ್ಲದ ಆ ಮಧ್ಯಂತರದಲ್ಲಿ ಒಂಟಾರಿಯೋದಲ್ಲಿ ಇದು ತುಂಬ ಓಡಿತು. ಯಾರಿಗೂ ನೋವಿಲ್ಲ, ಸರಿ. ಆದರೆ ಕೇಳಿದರೆ ಕೀಟವೋ, ಹೊಸ ಟಿವಿಯೋ, ರಕ್ತಪರೀಕ್ಷೆಯೋ ಗೊತ್ತಾಗುವುದಿಲ್ಲ. ಏಷ್ಯಾದ ತಳಿಗಳಿಗೆ ಇದು ಅನ್ವಯಿಸುವುದೂ ಇಲ್ಲ. ಹಳೆಯ ಕರಪತ್ರದಲ್ಲಿ ಕಂಡರೆ ಅದೇ ಹುಳು ಅಂತ ತಿಳಿದುಕೊಳ್ಳಿ, ಅಷ್ಟು ಸಾಕು.

ವೈಜ್ಞಾನಿಕ ಹೆಸರು

"ಈ ಗಲಾಟೆಯೇ ಬೇಡ, ಲ್ಯಾಟಿನ್ ಹೆಸರನ್ನೇ ಹೇಳೋಣ" ಅನ್ನುವವರಿದ್ದಾರೆ. ವರದಿ ಕಳಿಸುವಾಗ, ಮಾಹಿತಿ ಹುಡುಕುವಾಗ, ಔಷಧಿಯ ಚೀಟಿ ಓದುವಾಗ ಇದನ್ನು ಬಿಟ್ಟರೆ ಬೇರೆ ಗತಿಯಿಲ್ಲ. 'ಡಿಸ್ಪಾರ್' ಅಂದರೆ ಒಂದರಂತೆ ಒಂದಿಲ್ಲದ್ದು. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟ ಆ ಪದ ಬಹಳ ಚೆನ್ನಾಗಿದೆ, ಯಾಕೆಂದರೆ ಗಂಡು ಕಂದು, ಚಿಕ್ಕದು; ಹೆಣ್ಣು ದೊಡ್ಡದು, ಬಿಳಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿ ಅಂತ ನಂಬಲಾಗದು. 'ಲೈಮ್ಯಾಂಟ್ರಿಯಾ' ಗ್ರೀಕಿನಿಂದ ಬಂದದ್ದು, ಹಾಳುಮಾಡುವುದು ಅಂತ ಅರ್ಥ.

ಆದರೆ ಮಕ್ಕಳಿಗೆ, ಅಜ್ಜಿಯರಿಗೆ, ಅಂಗಡಿಯವರಿಗೆ ಇದು ಹೆಸರಾಗದು. ಇನ್ನೊಂದು ಮಾತು: ವೈಜ್ಞಾನಿಕ ಹೆಸರು ಯಾವಾಗಲೂ ನಿಷ್ಕಳಂಕ ಅಂತೇನಿಲ್ಲ. ಸ್ಲೊವೇನಿಯಾದ ಗುಹೆಗಳಲ್ಲಿ ಕಣ್ಣಿಲ್ಲದ ಒಂದು ಸಣ್ಣ ಜೀರುಂಡೆ ಇದೆ. 1937ರಲ್ಲಿ ಅದಕ್ಕೆ ಹಿಟ್ಲರನ ಹೆಸರಿಟ್ಟರು, 'ಅನೋಫ್ತಾಲ್ಮಸ್ ಹಿಟ್ಲೆರಿ'. ಪ್ರಾಣಿಗಳ ವೈಜ್ಞಾನಿಕ ಹೆಸರಿನ ನಿಯಮಗಳ ಪ್ರಕಾರ ನೋವಾಗುತ್ತದೆ ಎಂಬ ಕಾರಣಕ್ಕೆ ಹೆಸರು ಬದಲಿಸಲು ಬರುವುದಿಲ್ಲ. ಅದು ಇನ್ನೂ ಹಾಗೇ ಇದೆ. ನಾಜಿ ವಸ್ತುಗಳನ್ನು ಸಂಗ್ರಹಿಸುವವರು ಆ ಹೆಸರಿಗಾಗಿಯೇ ಪಾಪದ ಜೀರುಂಡೆಯನ್ನು ಹಿಡಿದು ಮಾರುವಂತಾಯಿತು. ಹೆಸರಿನಿಂದ ಕೀಟಕ್ಕೇ ಕುತ್ತು ಬಂದ ಕಥೆ ಇದು. ಸಸ್ಯಶಾಸ್ತ್ರಜ್ಞರು ಒಂದು ಹೆಜ್ಜೆ ಮುಂದಿದ್ದಾರೆ: 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿ, ಕಪ್ಪು ಜನರನ್ನು ಹೀಯಾಳಿಸುವ 'ಕಾಫ್ರಾ' ಎಂಬ ಪದವಿದ್ದ ಇನ್ನೂರಕ್ಕೂ ಜಾಸ್ತಿ ಹೆಸರುಗಳನ್ನು 'ಆಫ್ರಾ' ಅಂತ ತಿದ್ದಲು ಒಪ್ಪಿದರು.

ಎಲ್ಲ ಬದಲಾವಣೆಯೂ ಒಂದೇ ತೂಕದ್ದಲ್ಲ

ಹೋಲಿಕೆಗೆ ಇನ್ನೊಂದು ಕೀಟ ತೆಗೆದುಕೊಳ್ಳುತ್ತೇನೆ. 'ವೆಸ್ಪಾ ಮ್ಯಾಂಡರೀನಿಯಾ' ಎಂಬ ದೈತ್ಯ ಕಡಜ. ರಾಣಿ ಸುಮಾರು ಎರಡು ಇಂಚು ಉದ್ದ. 2019ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲೂ ಕೆನಡಾದ ವ್ಯಾಂಕೂವರ್ ದ್ವೀಪದಲ್ಲೂ ಕಂಡಿತು. ಇಂಗ್ಲಿಷಿನಲ್ಲಿ 'ಏಷ್ಯನ್ ಜೈಂಟ್ ಹಾರ್ನೆಟ್' ಅನ್ನುತ್ತಿದ್ದರು. 2020ರಲ್ಲಿ ಪತ್ರಿಕೆಗಳು 'ಕೊಲೆಗಾರ ಕಡಜ' ಅಂತ ಕೂಗಿದವು. ಕೊರೊನಾ ಕಾಲ. ಏಷ್ಯಾದ ಮುಖ ಕಂಡರೆ ಬೀದಿಯಲ್ಲಿ ಬೈಯುವ, ಹೊಡೆಯುವ ದಿನಗಳು. 2022ರ ಜುಲೈನಲ್ಲಿ ಅದೇ ಸಂಘ ಇದಕ್ಕೆ 'ನಾರ್ದರ್ನ್ ಜೈಂಟ್ ಹಾರ್ನೆಟ್' ಅಂತ ಹೆಸರಿಟ್ಟಿತು. ದೊಡ್ಡ ಕಡಜಗಳ ಈ ಇಡೀ ಕುಲದ ಸುಮಾರು 22 ಜಾತಿಗಳೂ ಏಷ್ಯಾದಲ್ಲಿವೆ. ಹಾಗಾಗಿ 'ಏಷ್ಯನ್' ಅಂದರೆ ಯಾವುದು ಅಂತಲೇ ಗೊತ್ತಾಗುವುದಿಲ್ಲ ಎಂಬುದು ಒಂದು ಗಟ್ಟಿ ಕಾರಣ.

ತೆಗೆದದ್ದು ಸರಿ. ಇಟ್ಟದ್ದು ಅಷ್ಟಕ್ಕಷ್ಟೇ. 'ಉತ್ತರದ' ಅಂದರೆ ಎಲ್ಲಿಯ ಉತ್ತರ? ಅದಕ್ಕೆ 'ದಕ್ಷಿಣದ ದೈತ್ಯ ಕಡಜ' ಅಂತ ಇನ್ನೊಂದು ಜಾತಿ ಜೋಡಿ ಇದೆ ಎಂದು ತಿಳಿದವರಿಗೆ ಮಾತ್ರ ಅರ್ಥ. ಕಿತ್ತಳೆ ಬಣ್ಣದ ಅದರ ದಪ್ಪ ತಲೆಯನ್ನು ಹೆಸರಿನಲ್ಲಿ ತಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಜಪಾನಿನವರು 'ಓಸುಝುಮೆಬಾಚಿ', ದೊಡ್ಡ ಗುಬ್ಬಿ ಜೇನು ಅನ್ನುತ್ತಾರೆ. ಗುಬ್ಬಿಯಷ್ಟು ದೊಡ್ಡದು! ಕೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ. 'ಕೊಲೆಗಾರ' ಎಂಬ ಹೆಸರನ್ನಂತೂ ಬಳಸಲೇಬೇಡಿ. ಹೆದರಿದ ಜನ ಊರಿನ ಸಾಧು ಕಡಜಗಳನ್ನೂ ಅದೇ ಅಂದುಕೊಂಡು ಹೊಡೆಯುತ್ತಾರೆ. ಅಂದಹಾಗೆ 2024ರ ಡಿಸೆಂಬರಿನಲ್ಲಿ ಈ ಕಡಜ ಅಮೆರಿಕದಿಂದ ಪೂರ್ತಿ ಹೋಗಿದೆ ಅಂತ ಅಧಿಕಾರಿಗಳು ಘೋಷಿಸಿದರು. ಜನ ಹಿಡಿದು ಕಳಿಸಿದ, ಫೋಟೋ ತೆಗೆದು ತಿಳಿಸಿದ ಕಡಜಗಳಿಂದ ಆ ಕೆಲಸಕ್ಕೆ ತುಂಬ ಸಹಾಯವಾಯಿತು.

ಕನ್ನಡದಲ್ಲಿ ಏನನ್ನೋಣ

ಇಲ್ಲಿ ಒಂದು ಹೊಂಡ ಇದೆ, ನಾನೇ ಬೀಳುವುದರಲ್ಲಿದ್ದೆ. ಬಳಗದ ಸಣ್ಣ ಪತ್ರಿಕೆಗೆ ಬರೆಯುವಾಗ 'ಜಿಪ್ಸಿ' ಬೇಡ, ಅಚ್ಚಕನ್ನಡ ಇರಲಿ ಅಂತ 'ಅಲೆಮಾರಿ ಪತಂಗ' ಅಂತ ಹಾಕಿದ್ದೆ. ಕೇಳಲು ಚೆಂದ ಅನ್ನಿಸಿತ್ತು. ಅಚ್ಚಿಗೆ ಹೋಗುವ ಮೊದಲು ಬಳಗದ ಹಿರಿಯ ಅಕ್ಕ ಒಬ್ಬರು ತಡೆದರು. "ನಮ್ಮೂರಲ್ಲಿ ಅಲೆಮಾರಿ ಅಂದರೆ ಜನ ಕಣಪ್ಪ. ಅವರ ಮಕ್ಕಳು ಓದ್ತಾರೆ ಇದನ್ನ" ಅಂದರು. ಹೌದಲ್ಲ! ಕರ್ನಾಟಕದಲ್ಲಿ ಅಲೆಮಾರಿ, ಅರೆ ಅಲೆಮಾರಿ ಅಂತ ಸರ್ಕಾರವೇ ಗುರುತಿಸಿದ ಸಮುದಾಯಗಳಿವೆ. ಬ್ರಿಟಿಷರು 1871ರ ಕಾನೂನಿನಲ್ಲಿ ಅಂಥ ಎಷ್ಟೋ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡಿದರು. 1952ರಲ್ಲಿ ಆ ಕಾನೂನು ಹೋದರೂ ಕಳಂಕ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿಯ ತಪ್ಪನ್ನು ಬಿಟ್ಟು ಇಲ್ಲಿ ಅದನ್ನೇ ಕನ್ನಡದಲ್ಲಿ ಮಾಡಲು ಹೊರಟಿದ್ದೆ. ಆದ್ದರಿಂದ 'ಅಲೆಮಾರಿ ಪತಂಗ' ಬೇಡವೇ ಬೇಡ. ನಾನು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇಡುವುದು ಅದನ್ನೇ.

ನಮ್ಮ ರೈತರು ಹುಳುಗಳಿಗೆ ಹೆಸರಿಡುವ ರೀತಿ ನೋಡಿ. ಮೈಮೇಲೆ ಹಿಟ್ಟು ಚೆಲ್ಲಿದಂತಿದ್ದರೆ ಹಿಟ್ಟು ತಿಗಣೆ. ಕಾಂಡ ಕೊರೆದರೆ ಕಾಂಡ ಕೊರಕ. ಜಿಗಿದರೆ ಜಿಗಿಹುಳು. ಕಂಬಳಿ ಹೊದ್ದಂತಿದ್ದರೆ ಕಂಬಳಿಹುಳು. ಕಂಡದ್ದು, ಮಾಡಿದ್ದು, ಅಷ್ಟೇ. ಹೊರಗಿನಿಂದ ಬಂದ ಹೆಸರು ಹಾಗೇ ನಿಂತರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. 2018ರಲ್ಲಿ ಅಮೆರಿಕ ಖಂಡದ ಒಂದು ಹುಳು ಭಾರತದಲ್ಲಿ ಮೊದಲು ಕಂಡದ್ದು ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ. ಕರಪತ್ರಗಳಲ್ಲಿ 'ಫಾಲ್ ಸೈನಿಕ ಹುಳು' ಅಂತ ಬಂತು. ಇಂಗ್ಲಿಷಿನಲ್ಲಿ 'ಫಾಲ್' ಅಂದರೆ ಎಲೆ ಉದುರುವ ಕಾಲ. ನಮ್ಮ ಹೊಲದಲ್ಲಿ ನಿಂತವರಿಗೆ ಆ ಪದ ಏನು ಹೇಳುತ್ತದೆ? ಸುಳಿಯೊಳಗೆ ಕೂತು ಒದ್ದೆ ಹಿಕ್ಕೆ ತುಂಬುವ ಅದರ ಗುಣವನ್ನು ಹೆಸರಿಗೆ ತಂದಿದ್ದರೆ ಗುರುತು ಹಿಡಿಯುವುದು ಸುಲಭವಾಗುತ್ತಿತ್ತು.

ಈ ಲೆಕ್ಕದಲ್ಲಿ 'ಸ್ಪಂಜು ಪತಂಗ' ನಮ್ಮ ರೀತಿಗೆ ಚೆನ್ನಾಗಿ ಒಗ್ಗುತ್ತದೆ. ಸ್ಪಂಜು ಎಲ್ಲರ ಅಡುಗೆಮನೆಯಲ್ಲೂ ಇರುವ ಪದ. ಹುಳುವಿನ ಹಂತದ ಬಗ್ಗೆ ಹೇಳುವಾಗ 'ಸ್ಪಂಜು ಪತಂಗದ ಕಂಬಳಿಹುಳು' ಅನ್ನಿ. ಮೊಟ್ಟೆಗೆ 'ಮೊಟ್ಟೆಗಂಟು' ಸಾಕು. ಹಳೆಯ ಇಂಗ್ಲಿಷ್ ಹೆಸರನ್ನು ಪೂರ್ತಿ ಮುಚ್ಚಿಡಬೇಕಾಗಿಲ್ಲ. ಹಳೆಯ ಪುಸ್ತಕ ಹುಡುಕುವವರಿಗೆ ದಾರಿ ಬೇಕು. ಒಂದು ಸಲ, "ಮುಂಚೆ ಹೀಗನ್ನುತ್ತಿದ್ದರು" ಅಂತ ಹೇಳಿ ಮುಂದೆ ಹೋಗಿ. ತಲೆಬರಹದಲ್ಲಿ ಬೇಡ. ವಯಸ್ಸಾದವರು ಹಳೆಯ ಹೆಸರು ಹೇಳಿದರೆ ಅಲ್ಲೇ ತಿದ್ದಲು ಹೋಗಬೇಡಿ. ನೀವು ಹೊಸದನ್ನು ಹೇಳುತ್ತಾ ಹೋಗಿ. ಪಕ್ಕದ ಮನೆಯ ಅಜ್ಜ ಈಗ ತಾವಾಗಿಯೇ 'ಸ್ಪಂಜಿ' ಅನ್ನುತ್ತಾರೆ.

ನಮ್ಮ ಬಳಗಕ್ಕೆ ಪ್ರತಿ ಅಕ್ಟೋಬರಿನಲ್ಲಿ ನಾನು ಕಳಿಸುವ ಸೂಚನೆ ಹೀಗಿದೆ. ಬೇಕಾದವರು ಹಾಗೇ ಎತ್ತಿಕೊಳ್ಳಬಹುದು:

"ಸ್ಪಂಜು ಪತಂಗ (ಲೈಮ್ಯಾಂಟ್ರಿಯಾ ಡಿಸ್ಪಾರ್, ಹಳೆಯ ಪುಸ್ತಕಗಳಲ್ಲಿ ಜಿಪ್ಸಿ ಮಾತ್) ಮೊಟ್ಟೆ ಇಟ್ಟಾಗಿದೆ. ಓಕ್ ಮರದ ಕಾಂಡ, ಬೇಲಿ, ಸೌದೆ ರಾಶಿ, ಹೊರಗಿಟ್ಟ ಕುರ್ಚಿಗಳ ಅಡಿ ನೋಡಿ. ಒಣ ಸ್ಪಂಜಿನ ಚೂರಿನಂಥ ಮಚ್ಚೆ ಕಂಡರೆ ಕೈಗವಸು ಹಾಕಿಕೊಂಡು, ಮೊಂಡು ಚಾಕುವಿನಿಂದ ಕೆರೆದು ಸೋಪಿನ ನೀರಿಗೆ ಹಾಕಿ. ಎರಡು ದಿನ ನೆನೆಯಲಿ, ಆಮೇಲೆ ಕಸಕ್ಕೆ. ನೆಲಕ್ಕೆ ಉದುರಿಸಿ ಬಿಟ್ಟರೆ ಅಲ್ಲೇ ಮರಿಯಾಗುತ್ತವೆ. ಸೌದೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಬೇಡಿ. ಮಕ್ಕಳನ್ನೂ ಕರೆಯಿರಿ, ಅವರ ಕಣ್ಣು ಚುರುಕು."